ಸೀಟಿನಡಿಯ ಬೇಸ್ ಪೆಟ್ಟಿಗೆ

ಲಾರಿ ಮಾಲೀಕ ಚನ್ನವೀರಪ್ಪನ ಹುಕುಂ ಕೇಳಿ ಬಡಗಿ ಮೌನೇಶನ ಕೈಕಾಲು ನಡುಗಿದವು.

"ಬೇಸ್ ಸ್ಪೀಕರಿನ ಪೆಟ್ಟಿಗಿ ಲಾರಿ ಸೀಟಿನ ಕೆಳಗ ಕೂಡಬೇಕು. ಪೆಟ್ಟಿಗಿ ಸಣ್ಣದಾಗಬಾರದು, ಸೀಟು ಒಂದು ಬೆರಳೂ ಮ್ಯಾಲೇಳಬಾರದು. ಇಲ್ಲಂದ್ರ ಈ ಊರಾಗ ನೀ ಹೆಂಗ ಉಳಿ ಹಿಡೀತಿ ನೋಡ್ತೇನಿ!"

ಮೌನೇಶ ಮೂರು ಸಲ ಅಳೆದ. ಮೂರು ಸಲವೂ ಜಾಗ ಎರಡು ಬೆರಳು ಕಮ್ಮಿ. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಕಣ್ಣು ಸೀಟಿನ ಮೆತ್ತೆಯಡಿಯ ಹಲಗೆಯ ಮೇಲೆ ಬಿತ್ತು. ಅದರ ದಪ್ಪವೂ ಎರಡೇ ಬೆರಳು! ಹಲಗೆ ಕಿತ್ತೆಸೆದು, ಪೆಟ್ಟಿಗೆಯ ಮೇಲೇ ಮೆತ್ತೆ ಬಡಿದ.

ಚನ್ನವೀರಪ್ಪ ಬಂದು ಅಳೆದು ನೋಡಿದ. ಸೀಟು ಏರಿರಲಿಲ್ಲ. ಕೂತು ಹಾಡು ಹಚ್ಚಿದ. ತೊಡೆ, ಹೊಟ್ಟೆ, ಗಲ್ಲ ಎಲ್ಲ ಗಡಗಡ ಅದುರಿ, ಬಾಯಲ್ಲಿದ್ದ ಎಲೆಅಡಿಕೆ ಬಿಳಿ ಅಂಗಿಗೆ ಹಾರಿತು.

"ಏ... ಏನಲೇ... ಇದು?"

ಮೌನೇಶ ಕೈಮುಗಿದ. "ಮೂರು ದಿನ ನಾ ನಡುಗೀನ್ರಿ ಸಾವಕಾರ್ರ. ಇನ್ನ ಪಾಳಿ ನಿಮ್ಮದು."