ಕುದುರೆಗೆ ಸಿಕ್ಕ ಶಭಾಷ್

ಹಂಪಯ್ಯನವರು ದಿನವೂ ಪೂಜೆ ಮುಗಿಸಿ, ಹಿಂದೆ ಯಾರೋ ಮಹಾ ಆಟಗಾರ ಗೆದ್ದ ಚದುರಂಗದ ಆಟವೊಂದನ್ನು ಪುಸ್ತಕ ನೋಡಿಕೊಂಡು ಪಾರಾಯಣದಂತೆ ಮಣೆಯ ಮೇಲೆ ನಡೆಸುತ್ತಿದ್ದರು. ಆಟದ ಆರಂಭದಲ್ಲೇ ಬಿಳಿ ಕುದುರೆ ಬಲಿಯಾಗಬೇಕು. ಪುಸ್ತಕದಲ್ಲಿ ಹಾಗೇ ಇದೆ, ಹಾಗೇ ಆಗುತ್ತಿತ್ತು.

ಒಂದು ಬೆಳಿಗ್ಗೆ ಕಾಯಿಗಳನ್ನು ಜೋಡಿಸಿಟ್ಟು ಅವರು ಕನ್ನಡಕ ತರಲು ಎದ್ದಾಗ, ಕುದುರೆ ತನ್ನ ರಾಜನಿಗೆ ತಲೆಬಾಗಿ ಹೇಳಿತು: “ಮಹಾಪ್ರಭು, ಇವತ್ತೊಂದು ದಿನ ನನ್ನನ್ನು ಉಳಿಸಿಕೊಳ್ಳಿ.”

“ಹುಚ್ಚಪ್ಪಾ, ನಿನ್ನ ಸಾವಿನ ಪಕ್ಕದಲ್ಲಿ ಪುಸ್ತಕದವರು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮೆಚ್ಚಿದ್ದಾರೆ. ಯಾವ ಜನ್ಮದ ಪುಣ್ಯವೋ! ನನ್ನ ಪಕ್ಕದಲ್ಲಿ ಒಂದು ಚುಕ್ಕೆಯೂ ಇಲ್ಲ,” ಎಂದ ರಾಜ.

“ಹಾಗಾದರೆ ಆ ಪುಣ್ಯ ತಮಗೇ ಇರಲಿ. ಇವತ್ತು ನನ್ನ ಬದಲು ತಾವು ಬೀಳಿ.”

ರಾಜ ಬೆಚ್ಚಿ ಮಂತ್ರಿಯ ಮಗ್ಗುಲಿಗೆ ಒತ್ತರಿಸಿ ನಿಂತ. “ನಾನು ಬಿದ್ದರೆ ಆಟವೇ ಮುಗಿದುಹೋಗುತ್ತದಲ್ಲೋ!”

ಮುಂದಿನ ಸಾಲಿನ ಕಾಲಾಳು ಹಿಂತಿರುಗಿಯೂ ನೋಡದೆ ಅಂದ: “ಮುಗಿಯಲಿ ಬಿಡಿ ಬುದ್ಧೀ. ಆಮೇಲೆ ನಮ್ಮನ್ನು ಯಾರೂ ಕಡಿಯೋದಿಲ್ಲ.”

ಅಷ್ಟರಲ್ಲಿ ಹಂಪಯ್ಯನವರು ಬಂದು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆದರು. ಕುದುರೆ ಎಂದಿನಂತೆ ಸತ್ತಿತು. ರಾಜ ಎಲ್ಲರಿಗಿಂತ ಜೋರಾಗಿ ಶಭಾಷ್ ಎಂದ.