ಮೂಡಣ ಬಾಗಿಲಿನಲ್ಲಿ ನಿಂತ ಕುದುರೆ

ಡಂಗುರದವನು ಪೇಟೆಬೀದಿಯ ತುದಿಯಲ್ಲಿ ನಿಂತು ಸಾರಿದ: "ಕರಿಗಲ್ಲುದುರ್ಗದ ಜನರೆಲ್ಲ ಕೇಳಿರಪ್ಪೋ. ದೊರೆಸಾನಿ ಹೊನ್ನಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದು ಪಡೆಯುತ್ತಾನೆ, ದೊರೆಸಾನಿಯ ಕೈಹಿಡಿಯುತ್ತೇನೆ ಎಂದರೂ ಸರಿ. ಒಂದು ತಪ್ಪಿದರೂ ಅಮಾವಾಸ್ಯೆಗೆ ಅವನ ತಲೆ ಉರುಳುತ್ತದೆ."

ಕೇಳಲು ಬೀದಿಯಲ್ಲಿ ಹೆಚ್ಚು ಜನರಿರಲಿಲ್ಲ. ಹಿರಿಯ ದೊರೆಯ ಕಾಲದಲ್ಲಿ ಆ ಬೀದಿ ಹೀಗಿರಲಿಲ್ಲ. ಸಂಜೆಯಾದರೆ ಮೆಣಸಿನ ಘಾಟು, ಇಂಗಿನ ವಾಸನೆ, ಹೇರೆತ್ತುಗಳ ಗಂಟೆ ಸದ್ದು; ಭುಜ ತಾಗಿಸದೆ ನಡೆಯಲಾಗುತ್ತಿರಲಿಲ್ಲ. ದೊರೆ ತೀರಿಕೊಂಡ ಮೇಲೆ ಅವರ ಕುದುರೆ ನೀಲ, ಹೊಳೆಗೆ ನೀರು ಕುಡಿಯಲು ಹೊರಟದ್ದು, ಮೂಡಣ ಬಾಗಿಲಿನಲ್ಲಿ ನಿಂತುಬಿಟ್ಟಿತು. ಮರುದಿನವೂ ನಿಂತಿತು. 'ಅಪ್ಪಾಜಿಯೇ ತಡೆಯುತ್ತಿದ್ದಾರೆ' ಎಂದು ಮಗಳು ಹೊನ್ನಲದೇವಿ ಆ ಬಾಗಿಲನ್ನೇ ಮುಚ್ಚಿಸಿದಳು. ಆಮೇಲೂ ನೀಲ ಸಂಜೆ ಸಂಜೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ವ್ಯಾಪಾರ ಬೇರೆ ಊರಿನ ದಾರಿ ಹಿಡಿಯಿತು. ಅಂಗಡಿಗಳು ಒಂದೊಂದಾಗಿ ಹಲಗೆ ಹಾಕಿಕೊಂಡವು.

ಗಾದಿಲಿಂಗ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗುವವನು. ಬಾಗಿಲು ಮುಚ್ಚಿದ ಮೇಲೆ ಗುಡ್ಡ ಸುತ್ತಿಬರಬೇಕಾಗಿ ಅವನ ಎತ್ತುಗಳು ಸೊರಗಿದ್ದವು. ಇನ್ನೊಂದು ಬೇಸಗೆ ಹೀಗೇ ಕಳೆದರೆ ಕಸುಬು ಮುಗಿದಂತೆ. ಬಾಗಿಲು ತೆಗೆಸಲು ಬೇರೆ ದಾರಿ ಕಾಣದೆ ಅರಮನೆಗೆ ಹೋಗಿ ಸಾಲಿನಲ್ಲಿ ನಿಂತ.

ಅವನ ಮುಂದೆ ಇಬ್ಬರಿದ್ದರು. ಹೊನ್ನಲದೇವಿ ಮೊದಲ ಒಗಟು ಕೇಳಿದಳು. "ಹಗ್ಗವಿಲ್ಲ, ಗೂಟವಿಲ್ಲ. ಆದರೂ ನೀಲನನ್ನು ಬಾಗಿಲಿನಲ್ಲಿ ಕಟ್ಟಿಹಾಕಿದ್ದು ಯಾವುದು?"

"ಕಾರಣವೇನೂ ಇಲ್ಲ, ಪ್ರಾಣಿ ಸುಮ್ಮನೆ ನಿಲ್ಲುತ್ತದೆ" ಎಂದ ಪಾಳೆಯಗಾರನ ಮಗ.

"ನೀವು ಇಲ್ಲಿಗೆ ಸುಮ್ಮನೆ ಬಂದಿರಾ?" ಎಂದಳು. ಕಾವಲಿನವರು ಅವನನ್ನು ಎಳೆದೊಯ್ದರು.

ಕುದುರೆ ಮಾರುವ ದಾದಾಸಾಹೇಬ ಮೀಸೆ ತಿರುವಿದ. "ಹಟ, ದೊರೆಸಾನಿ. ಹಟಮಾರಿ ಕುದುರೆ ಅದು."

"ಹಟ ಅಂತ ಹೇಗೆ ತಿಳಿಯಿತು?"

"ನಿಲ್ಲುತ್ತದಲ್ಲ."

"ಯಾಕೆ ನಿಲ್ಲುತ್ತದೆ?"

"ಹಟ ಇದೆಯಲ್ಲ."

"ಗಾಣದೆತ್ತು ನಿನಗಿಂತ ದೂರ ಹೋಗುತ್ತದೆ" ಎಂದಳು. ಅವನನ್ನೂ ಎಳೆದೊಯ್ದರು.

ಗಾದಿಲಿಂಗ ಮುಂದೆ ಬಂದ. ಅವಳು ಉಳಿದೆರಡನ್ನೂ ಒಟ್ಟಿಗೇ ಹೇಳಿದಳು. "ಇವು ನನ್ನ ತಂದೆ ಊಟಕ್ಕೆ ಕೂತಾಗ ಕೇಳುತ್ತಿದ್ದವು. ಉತ್ತರ ಹೇಳದೆಯೇ ಹೋಗಿಬಿಟ್ಟರು. ಕೆಲಸ ಮುಗಿದ ಮೇಲೆ ಹುಟ್ಟಿ, ಅದೇ ಕೆಲಸವನ್ನು ಮತ್ತೆ ಮಾಡಿಸುವ ಕೂಸು ಯಾವುದು? ಬಲ್ಲವನು ಎಲ್ಲಕ್ಕಿಂತ ಮೊದಲು ಆಡುವ, ಕೊನೆಗೂ ಬಿಡದ ಮಾತು ಯಾವುದು?"

"ಗೊತ್ತಿಲ್ಲ ದೊರೆಸಾನಿ. ನೋಡಿ ಹೇಳ್ತೀನಿ."

ಸಭೆ ನಕ್ಕಿತು. ಅವಳು ನಗಲಿಲ್ಲ. "ನೋಡು. ಅಮಾವಾಸ್ಯೆಯವರೆಗೂ ನೋಡು."

ಅವನು ಬಾಗಿಲ ಬಳಿ ಕೂತು ನೋಡಿದ. ನೀಲ ಬಂದು ನಿಲ್ಲುತ್ತದೆ. ಮೇಲಿನ ಕಿಟಕಿಯಿಂದ ಕಂಡ ಹೊನ್ನಲದೇವಿ ಇಳಿದು ಬರುತ್ತಾಳೆ, ಕುದುರೆಯ ಕೊರಳು ಸವರಿ ಅಳುತ್ತಾಳೆ. ಎಷ್ಟೋ ಹೊತ್ತಿನ ಮೇಲೆ ಅದು ಲಾಯಕ್ಕೆ ಮರಳುತ್ತದೆ. ದಿನವೂ ಇದೇ.

"ನಾಳೆಯಿಂದ ಬಾಗಿಲು ತೆಗೆಸಿ. ನೀವು ಮಾತ್ರ ಇಳಿದು ಬರಬೇಡಿ" ಎಂದ.

"ಅದು ಕಾಯುತ್ತದೆ."

"ಕಾಯಲಿ ತಾಯಿ. ನನ್ನ ತಲೆ ಹೇಗೂ ನಿಮ್ಮ ಕೈಯಲ್ಲೇ ಇದೆ."

ಮೊದಲ ಸಂಜೆ ನೀಲ ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ನೆಲ ಕೆದರಿತು, ಕಿಟಕಿಯ ಕಡೆ ಕತ್ತೆತ್ತಿ ಕೆನೆಯಿತು. "ಅಯ್ಯೋ, ಮೂಕಪ್ರಾಣಿಯ ಗೋಳು" ಎಂದರು ಜನ. ಹೊನ್ನಲದೇವಿ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳು ಒಂದು ಹೆಜ್ಜೆ ಇಳಿದಿದ್ದರೂ ತನ್ನ ಕತೆ ಮುಗಿಯುತ್ತಿತ್ತೆಂದು ಗಾದಿಲಿಂಗನಿಗೆ ಗೊತ್ತಿತ್ತು. ಅವಳು ಇಳಿಯಲಿಲ್ಲ.

ಮುಂದಿನ ಸಂಜೆಗಳಲ್ಲಿ ನಿಲ್ಲುವ ಹೊತ್ತು ಕಡಿಮೆಯಾಯಿತು. ಕೊನೆಗೊಂದು ಸಂಜೆ ನೀಲ ನಿಲ್ಲದೆ ಬಾಗಿಲು ದಾಟಿ ಹೊಳೆಗೆ ಹೋಯಿತು. ಊರು ಬೆರಗಾಯಿತು. ಗಾದಿಲಿಂಗನಿಗೆ ಮಾತ್ರ ಸಮಾಧಾನವಿಲ್ಲ. "ಬೇರೆ ಏನಾದರೂ ಆಗಿ ದಾಟಿದ್ದರೆ? ಈಗ ಮೊದಲಿನ ಹಾಗೆ ಇಳಿದು ಬನ್ನಿ." ಅವಳು ಬಂದಳು, ಸವರಿದಳು, ಕುದುರೆ ಮತ್ತೆ ನಿಲ್ಲತೊಡಗಿತು. ಬರುವುದನ್ನು ಬಿಟ್ಟಳು, ಮತ್ತೆ ದಾಟಿತು.

ಅಮಾವಾಸ್ಯೆಯ ಬೆಳಿಗ್ಗೆ ಸಭೆಯಲ್ಲಿ ಅವನು ತಲೆ ತಗ್ಗಿಸಿಯೇ ಹೇಳಿದ. "ಕಟ್ಟಿಹಾಕಿದ್ದು ನಿಮ್ಮ ಕೈ, ದೊರೆಸಾನಿ. ದಾರಿಯಲ್ಲಿ ಎತ್ತು ಮಲಗಿತೆಂದು ಅಲ್ಲೇ ಹೇರು ಇಳಿಸಿದರೆ, ಮುಂದಿನ ಸಲ ಅದೇ ಜಾಗದಲ್ಲಿ ಮಲಗುತ್ತೆ. ನಾವೇ ಕಲಿಸಿ, ಆಮೇಲೆ ಎತ್ತನ್ನು ಬೈತೀವಿ. ಕೆಲಸದಿಂದ ಏನು ಸಿಕ್ಕಿತೋ ಅದೇ ಎರಡನೆಯ ಒಗಟಿನ ಕೂಸು. ಆಮೇಲೆ ಹುಟ್ಟಿದರೂ ಮುಂದಿನ ಸಲ ಆ ಕೆಲಸಕ್ಕೆ ಅದೇ ಕರಕೊಂಡು ಹೋಗುತ್ತೆ."

"ಮೊದಲ ದಿನ ಯಾಕೆ ನಿಂತಿತು?"

"ಕಾರಣ ಇದ್ದೇ ಇರುತ್ತೆ. ಗೊರಸಿಗೆ ಕಲ್ಲು ಚುಚ್ಚಿತ್ತೋ ಏನೋ, ನಾನು ಕಂಡಿಲ್ಲ. ಮೂರನೆಯದರ ಉತ್ತರವೂ ಅದೇ, ತಾಯಿ: 'ಗೊತ್ತಿಲ್ಲ, ನೋಡೋಣ.' ಈಗಲೂ ಅದನ್ನೇ ಹೇಳ್ತೀನಿ. ನಾಳೆ ಬೇರೇನಾದರೂ ಕಂಡರೆ ನನ್ನ ಮಾತು ತಪ್ಪು."

ಹೊನ್ನಲದೇವಿ ಕೇಳಿದಳು, "ಹಾಗಾದರೆ ನೀಲ ಅಪ್ಪಾಜಿಯನ್ನು ನೆನೆಯುವುದೇ ಇಲ್ಲವೇ?"

"ಅದರ ಎದೆಯೊಳಗೆ ನಾನು ಹೊಕ್ಕು ನೋಡಿಲ್ಲ. ಅದಕ್ಕೆ ನಿಮ್ಮ ಕೈ ಬೇಕು, ಕಂಡದ್ದು ಅಷ್ಟೇ." ಆಮೇಲೆ ಅವನೇ ಕೇಳಿದ, "ಕುದುರೆಯ ಕೊರಳನ್ನು ಹಾಗೆ ಸವರೋದನ್ನು ನಿಮಗೆ ಕಲಿಸಿದ್ದು ಯಾರು?"

ಅವಳು ತನ್ನ ಅಂಗೈ ನೋಡಿಕೊಂಡಳು. "ಅಪ್ಪಾಜಿ. ಚಿಕ್ಕವಳಿದ್ದಾಗ ಎತ್ತಿಕೊಂಡು, ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು."

ಆಮೇಲೆ ಏನು ಬೇಕೆಂದು ಕೇಳಿದಳು. ಅವನು ಬೇಡಿದ್ದು ಎರಡು: ಮೂಡಣ ಬಾಗಿಲು ಮುಚ್ಚಬಾರದು, ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಯಬೇಕು. ಎರಡೂ ಸಿಕ್ಕವು. ಅದರ ಮೇಲೆ ಪೇಟೆಯ ಮೇಲ್ವಿಚಾರಣೆಯನ್ನೂ ಅವಳೇ ಅವನಿಗೆ ವಹಿಸಿದಳು. ಕೈಹಿಡಿಯುವ ಮಾತನ್ನು ಅವನು ಎತ್ತಲಿಲ್ಲ. ತನ್ನ ಅಳತೆ ಅವನಿಗೆ ಗೊತ್ತಿತ್ತು.

ಹೊರಡುವಾಗ ಒಂದು ಮಾತು ಹೇಳಿದ. "ಸವರೋದನ್ನು ಬಿಡಬೇಡಿ, ದೊರೆಸಾನಿ. ಜಾಗ ಬದಲಿಸಿ, ಅಷ್ಟೇ."

ಮಾರನೆಯ ಸಂಜೆ, ಒಳಗೆ ಬರುತ್ತಿದ್ದ ಉಪ್ಪಿನೆತ್ತುಗಳ ಸಾಲಿನ ಪಕ್ಕದಿಂದ, ನೀಲ ಎಲ್ಲೂ ನಿಲ್ಲದೆ ಇಳಿಜಾರಿನಲ್ಲಿ ಓಡಿತು. ಹೊಳೆಯ ದಡದಲ್ಲಿ ಹೊನ್ನಲದೇವಿ ಕೈಚಾಚಿ ನಿಂತಿದ್ದಳು.