ಕಣಜದ ಸೊಂಟ

ಮೊಟ್ಟೆಯೊಡೆದು ಮರಿಗಳೆಲ್ಲ ಹೊರಬಂದು ತಿಂಗಳಾದರೂ ತೊಲೆಯ ಮೂಲೆಯ ಜೇಡಮ್ಮನ ಹೊಟ್ಟೆ ಇಳಿಯಲಿಲ್ಲ. ತನ್ನದೇ ನೂಲಿನಿಂದ ಬಿಗಿದು ಕಟ್ಟಿಕೊಂಡಳು, ಉಪವಾಸ ಬಿದ್ದಳು. ಆದರೂ ನಡೆದರೆ ಹೊಟ್ಟೆ ಹಿಂದೆ ಜೋಲುತ್ತಿತ್ತು.

"ಮರಿಗಳನ್ನು ಹೊತ್ತ ಹೊಟ್ಟೆ ಕಣೇ, ನಿಧಾನಕ್ಕೆ ಇಳಿಯುತ್ತದೆ. ನಿನ್ನ ನೂಲಿರುವುದೂ ಅದರಲ್ಲೇ ಅಲ್ಲವೇ?" ಎಂದಿತು ಗೋಡೆಯ ಹಲ್ಲಿ.

ಊರೆಲ್ಲ ಹಲ್ಲಿಯ ಮಾತಿಗೆ ಕಿವಿಗೊಡುತ್ತದೆ, ಜೇಡಮ್ಮ ಕೊಡಲಿಲ್ಲ. ಅವಳ ಕಣ್ಣೆಲ್ಲ ಎದುರುಮನೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಕೂದಲೆಳೆಯಂಥ ಸೊಂಟದ ಮೇಲಿತ್ತು.

"ಅಕ್ಕಾ, ನೀನೂ ಹೆತ್ತವಳೇ. ಈ ಸೊಂಟ ಹೇಗೆ ಉಳಿಸಿಕೊಂಡೆ?"

"ನನ್ನ ಮಣ್ಣಿನ ಕೋಣೆ ಹೊಕ್ಕವರೆಲ್ಲ ನನ್ನಂತೆಯೇ ಹೊರಬರುತ್ತಾರೆ ತಂಗೀ. ಹುಳು ಕಣಜವನ್ನೇ ನೆನೆದು ಕಣಜವಾಯಿತೆಂದು ಹಿರಿಯರು ಸುಮ್ಮನೆ ಹೇಳಿದರೇ? ಒಂದು ಸಲ ಚುಚ್ಚುತ್ತೇನೆ, ಆಮೇಲೆ ನೋವೇ ಇಲ್ಲ."

"ತೆಳ್ಳಗಾಗಿ ಬರುತ್ತೇನೆ, ಎಲ್ಲೂ ಹೋಗಬೇಡಿ," ಎಂದು ಮರಿಗಳಿಗೆ ಹೇಳಿ ಜೇಡಮ್ಮ ಒಳಗೆ ಹೋದಳು. ಚುಚ್ಚಿದ ಮೇಲೆ ಎಂಟೂ ಕಾಲು ಆಡಲಿಲ್ಲ. ಕಣಜ ಅವಳ ಹೊಟ್ಟೆಯ ಮೇಲೆ ಬಿಳಿಯ ಮೊಟ್ಟೆಯೊಂದನ್ನಿಟ್ಟು ಬಾಗಿಲಿಗೆ ಮಣ್ಣು ಮೆತ್ತಿತು. ಕೆಲವೇ ದಿನಗಳಲ್ಲಿ, ಆ ಕತ್ತಲಲ್ಲಿ, ಜೇಡಮ್ಮನ ಹೊಟ್ಟೆ ನಿಜಕ್ಕೂ ಕರಗತೊಡಗಿತು. ಪುಟ್ಟದೊಂದು ಬಾಯಿ ಅದನ್ನು ಮೆಲ್ಲಗೆ ತಿನ್ನುತ್ತಿತ್ತು.

ತಿಂಗಳು ಕಳೆದು ಮಣ್ಣು ಒಡೆಯಿತು. ಕೂದಲೆಳೆಯ ಸೊಂಟದವಳೊಬ್ಬಳು ರೆಕ್ಕೆ ಕೊಡವುತ್ತ ಹೊರಬಂದಳು.

"ಅಮ್ಮಾ! ಎಷ್ಟು ತೆಳ್ಳಗಾಗಿದ್ದೀಯ!" ಮರಿಗಳು ಓಡಿ ಬಂದು ಮುತ್ತಿಕೊಂಡವು.

ಅವಳು ಒಂದೊಂದನ್ನೂ ಅಕ್ಕರೆಯಿಂದ ಮುಟ್ಟಿ ನೋಡಿದಳು.

"ಅಯ್ಯೋ ಕಂದಮ್ಮಗಳಾ, ನಿಮಗೂ ಆಗಲೇ ಹೊಟ್ಟೆ ಬಂದಿದೆಯಲ್ಲ," ಎಂದಳು. "ಬನ್ನಿ, ಕೋಣೆ ಖಾಲಿಯಿದೆ."